ಬಂಗುಡೆ ಬಂದಿದೆ, ಬನ್ನಿ

ಬೊಲ್ಗ್ಯೊ ಬಂದರಿನ ಮೀನು ಹರಾಜು ಕಟ್ಟೆಯಲ್ಲಿ ಒಕ್‌ಸಿಮ್‌ಳನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎಲ್ಲರಿಗೂ ಅವಳು ‘ಬೊಂಗೊ ಹೆಂಡತಿ’. ಬೊಂಗೊ ಎಂದರೆ ಅವಳ ಗಂಡ ಮೀನು ಮಾರಲು ಇಟ್ಟುಕೊಂಡಿದ್ದ ಗಾಡಿ. ಗಂಡ ಪಾನ್ಸು ಬದುಕಿದ್ದಾಗಲೂ ಹಾಗೇ ಕರೆದರು, ಅವನು ಸತ್ತ ಮೇಲೂ ಹಾಗೇ ಕರೆದರು. ಮೊದಮೊದಲು ಅವಳಿಗೆ ಅದು ತಮಾಷೆಯಾಗಿ ಕೇಳುತ್ತಿತ್ತು. ಆಮೇಲೆ, ಆ ಗಾಡಿಯ ಸ್ಟೀರಿಂಗಿನ ಮುಂದೆ ತಾನೇ ಕೂತ ಮೇಲೆ, ಅದು ಬರೀ ತಮಾಷೆಯಲ್ಲ ಅನ್ನಿಸತೊಡಗಿತು.

ಅದು ನೀಲಿ ಬಣ್ಣದ ಸಣ್ಣ ಲಾರಿ. ಹಿಂದೆ ಮೀನಿನ ಪೆಟ್ಟಿಗೆಗಳು, ಐಸು, ಉಪ್ಪುನೀರು. ತಲೆಯ ಮೇಲೆ ಒಂದು ಧ್ವನಿವರ್ಧಕ. ಸಂತೆಯ ಮರುದಿನ ಬೆಳಿಗ್ಗೆ ಅದು ಸೊಲ್ಜೆ ಘಾಟಿ ಹತ್ತಿ ಆಚೆಕಡೆಯ ಗುಡ್ಡದೂರುಗಳಿಗೆ ಹೋಗಬೇಕು. ಹೊರಡುವ ಮುಂಚೆ ಒಕ್‌ಸಿಮ್ ಸ್ಟೀರಿಂಗಿನ ಮೇಲೆ ಎರಡೂ ಕೈ ಇಟ್ಟು, ತಲೆ ತಗ್ಗಿಸಿ, ತುಟಿ ಅಲುಗಿಸದೆ ದೇವರನ್ನು ನೆನೆಯುವಳು. ಭಾನುವಾರದ ಪ್ರಾರ್ಥನೆ ತಪ್ಪಿಸುವ ಹೆಂಗಸಲ್ಲ ಅವಳು. ಆಮೇಲೆ ಕ್ಯಾಸೆಟ್ಟಿನ ಗುಂಡಿ ಒತ್ತುವಳು. ಗಂಡನ ದನಿ ಬೀದಿ ತುಂಬುತ್ತಿತ್ತು.

“ಬಂಗುಡೆ ಬಂದಿದೆ... ಸಿಗಡಿ ಬಂದಿದೆ... ಬೊಲ್ಗ್ಯೊ ಚಿಪ್ಪು ಬಂದಿದೆ... ಅಮ್ಮಂದಿರೇ, ಅಕ್ಕಂದಿರೇ, ಹೊರಗೆ ಬನ್ನಿ. ಬಂಗುಡೆ ಬಂದಿದೆ, ಬನ್ನಿ.”

ಪಾನ್ಸು ತೀರಿಕೊಂಡು ಆಗಲೇ ಒಂದು ಚಳಿಗಾಲ ಕಳೆದು ಇನ್ನೊಂದು ಬರುತ್ತಿತ್ತು.

ಆ ಮನೆತನಕ್ಕೂ ಕಿಯಾ ಕಂಪನಿಗೂ ಇದ್ದ ನಂಟನ್ನು ಪಾನ್ಸು ಹೆಣ್ಣು ಕೊಟ್ಟವರ ಕಡೆಯ ಸಂಬಂಧದ ಹಾಗೆ ವರ್ಣಿಸುತ್ತಿದ್ದ. ಅವನಪ್ಪ ತಿನ್ನುವ ಸಮುದ್ರಪಾಚಿಯ ಹಾಳೆಗಳ ಕಟ್ಟು ಹೊತ್ತು ತಿರುಗುತ್ತಿದ್ದದ್ದು ಅದೇ ಕಂಪನಿಯ ಸೈಕಲ್ಲಿನಲ್ಲಿ. ಪಾನ್ಸು ಹುಡುಗನಾಗಿದ್ದಾಗ ಅಕ್ಕಿ ಗಿರಣಿಯವರು ಕೊಂಡದ್ದು ಅದೇ ಕಂಪನಿಯ ಮೂರು ಗಾಲಿಯ ಗಾಡಿ. ಅದರ ಬೆನ್ನು ಹತ್ತಿ ಕೂತೇ ಅವನು ದೊಡ್ಡವನಾದ. ಆಮೇಲೆ ಸರ್ಕಾರದವರು ಒಂದು ಆಜ್ಞೆ ಹೊರಡಿಸಿದರು: ನೀವು ಕಾರು ಮಾಡುವಂತಿಲ್ಲ, ಸಾಮಾನು ಹೊರುವ ಗಾಡಿ ಮಾಡಿ ಸಾಕು. ಮುಗಿಯಿತು ಇವರ ಕಥೆ ಎಂದುಕೊಂಡವರ ಮುಂದೆ ಕಂಪನಿಯವರು ಬೊಂಗೊ ಎಂಬ ಗಾಡಿ ತಂದು ನಿಲ್ಲಿಸಿದರು. ಅದು ಎಷ್ಟು ಓಡಿತೆಂದರೆ, ಯಾರು ಮಾಡಿದ ವ್ಯಾನಾದರೂ ಜನ ಅದನ್ನು ಬೊಂಗೊ ಎಂದೇ ಕರೆಯತೊಡಗಿದರು.

ಪಾನ್ಸು ಬೊಂಗೊ ಲಾರಿ ಕೊಂಡದ್ದು ತೊಂಬತ್ತೇಳರ ವಸಂತದಲ್ಲಿ. ಕಡಿಮೆ ಬೆಲೆಗೆ ಹೆಚ್ಚು ಹೊರುವ ಗಾಡಿ, ಎಲ್ಲಿ ಕೆಟ್ಟು ನಿಂತರೂ ಬಿಡಿಭಾಗ ಸಿಗುವ ಗಾಡಿ. ಮೀನು ಮಾರುವವನಿಗೆ ಇನ್ನೇನು ಬೇಕು? ಅದರ ಪೂಜೆಗೆ ಅವನ ತಾಯಿ ಗುಡ್ಡದ ಆನ್‌ಗೋಲ್ ಊರಿನಿಂದ ಬಸ್ಸು ಹತ್ತಿ ಬಂದಿದ್ದಳು. ದೊಲ್ಸಾನ್ ದ್ವೀಪದಿಂದ ಮದುವೆಯಾಗಿ ಬಂದವಳಾದ್ದರಿಂದ ಅವಳನ್ನು ಎಲ್ಲರೂ ದೊಲ್ಸಾನ್ ಅಜ್ಜಿ ಎನ್ನುತ್ತಿದ್ದರು. ಗಾಡಿಯ ಮುಂದೆ ಬೇಯಿಸಿದ ಹಂದಿಯ ತಲೆ ಇಟ್ಟರು. ಗಾಲಿಗಳಿಗೆ ಅಕ್ಕಿಯ ಹೆಂಡ ಸುರಿದರು. ಬಂದರಿನ ಗಂಡಸರು ಒಬ್ಬೊಬ್ಬರಾಗಿ ಅಡ್ಡಬಿದ್ದರು. ಒಕ್‌ಸಿಮ್ ಅಡ್ಡಬೀಳಲಿಲ್ಲ. ಅವಳ ದೇವರು ಬೇರೆ. ಆದರೆ ದೂರವೂ ಹೋಗಲಿಲ್ಲ. ಅಲ್ಲೇ ಪಕ್ಕದಲ್ಲಿ ಕಣ್ಣು ಮುಚ್ಚಿ ನಿಂತು, ಈ ಗಾಡಿ ನನ್ನ ಗಂಡನನ್ನು ಹೋದ ಕಡೆಯಿಂದ ಮನೆಗೆ ತರಲಪ್ಪಾ ಎಂದು ತನ್ನ ದೇವರಿಗೆ ಹೇಳಿಕೊಂಡಳು.

ಕೊನೆಗೆ ಅತ್ತೆ ಒಂದು ದೊಡ್ಡ ಒಣಮೀನು ತೆಗೆದಳು. ಬಾಯಿ ತೆರೆದುಕೊಂಡು, ಕಣ್ಣು ಬಿಟ್ಟುಕೊಂಡೇ ಒಣಗಿದ ಮೀನು. ಎಂದೂ ಕಣ್ಣು ಮುಚ್ಚದ್ದು ಎಂದೇ ಅದನ್ನು ಕಾವಲಿಗೆ ಇಡುವುದು. ಅದಕ್ಕೆ ಬಿಳಿ ರೇಷ್ಮೆ ದಾರದ ಒಂದಿಡೀ ಲಡಿ ಸುತ್ತಿ, ಸುತ್ತಿದಷ್ಟಕ್ಕೂ ಗಂಟು ಹಾಕುತ್ತಾ ಹೋದಳು.

“ಗಾಡಿ ನಿನ್ನ ಬಿಡಬಾರದು, ನೀನು ಗಾಡಿ ಬಿಡಬಾರದು,” ಎಂದಳು ಮಗನಿಗೆ. “ಈ ದಾರ ಇರೋವರೆಗೂ ಹೋಗಿದ್ದು ವಾಪಸ್ ಬರತ್ತೆ.”

ಆ ಮೀನನ್ನು ಸೀಟಿನ ಬೆನ್ನ ಹಿಂದಿನ ಸಂದಿನಲ್ಲಿ ಇಟ್ಟರು. ಆಮೇಲೆ ಯಾರೂ ಅದನ್ನು ಮುಟ್ಟಲಿಲ್ಲ.

ಆ ವರ್ಷವೇ ಬೇಸಿಗೆಯಲ್ಲಿ ಕಂಪನಿ ಸಾಲಕ್ಕೆ ಸಿಕ್ಕಿ ಕುಸಿಯಿತು. ಬಂದರಿನವರೆಲ್ಲ ಪಾನ್ಸುವನ್ನು ಆಡಿಕೊಂಡರು, ತಾಯಿ ಸತ್ತ ಮರಿ ತಂದು ಕಟ್ಟಿದೀಯ ಎಂದರು. ಚಳಿಗಾಲದ ಹೊತ್ತಿಗೆ ದೇಶವೇ ಕುಸಿದಿತ್ತು. ಒಕ್‌ಸಿಮ್ ಎಲ್ಲರ ಹಾಗೆ, ದೇಶದ ಸಾಲ ತೀರಿಸಲು ಚಿನ್ನ ಕೊಡುವವರ ಸಾಲಿನಲ್ಲಿ ನಿಂತು ಮದುವೆಯ ಉಂಗುರ ಕೊಟ್ಟು ಬಂದಳು. ಪಾನ್ಸು ಮಾತ್ರ ನಗುತ್ತಿದ್ದ. ಕಿಯಾ ಎನ್ನುವಲ್ಲಿ ಮೊದಲ ಅಕ್ಷರಕ್ಕೆ ‘ಏಳುವುದು’ ಎಂದು ಅರ್ಥ, ಅದು ಮಲಗಿರುವ ಪೈಕಿಯಲ್ಲ ಎನ್ನುತ್ತಿದ್ದ. ಮುಂದೆ ಬೇರೆಯವರು ಬಂದು ಕಂಪನಿಯನ್ನು ಕೊಂಡು, ಅದು ಅದೇ ಹೆಸರಿನಲ್ಲಿ ಮತ್ತೆ ನಡೆಯತೊಡಗಿದಾಗ, ಸಂಜೆ ಮೀನಿನ ಸಾರು ಹೀರುತ್ತಾ ಹೆಂಡತಿಗೆ ಹೇಳಿದ್ದ: “ನೋಡಿದ್ಯಾ? ಸತ್ತೋನು ಎದ್ದು ಬಂದ. ಹೆಸರೂ ಬದಲಾಯಿಸ್ಲಿಲ್ಲ.”

ಆ ಮಾತು ಒಕ್‌ಸಿಮ್‌ಗೆ ಎಷ್ಟೋ ವರ್ಷದ ಮೇಲೆ ಮತ್ತೆ ನೆನಪಾಯಿತು.

ಅವನು ಸತ್ತದ್ದು ಶರತ್ಕಾಲದಲ್ಲಿ, ಸೊಲ್ಜೆ ಘಾಟಿಯ ನೆತ್ತಿಯ ಮೇಲೆ. ಬೆಳಿಗ್ಗೆ ಹೊಸ್ತಿಲಲ್ಲಿ ಕೂತು ರಬ್ಬರ್ ಬೂಟು ಹಾಕಿಕೊಂಡು, ಮೆಟ್ಟಿಲ ಕಲ್ಲಿಗೆ ಹಿಮ್ಮಡಿಯನ್ನು ಎರಡು ಸಲ ತಟ್ಟಿ, ದಿನಾ ಹೇಳುವ ಹಾಗೇ “ಹೋಗ್ಬರ್ತೀನಿ” ಎಂದ. ಅವಳು ಅಡುಗೆಮನೆಯಿಂದಲೇ, ತಿರುಗಿ ನೋಡದೆ, “ಹೋಗ್ಬನ್ನಿ” ಎಂದಳು. ಮಧ್ಯಾಹ್ನ ಕಾಡಿನಲ್ಲಿ ಅಣಬೆ ಆರಿಸುತ್ತಿದ್ದ ಹೆಂಗಸರಿಗೆ ಘಾಟಿಯ ಮೇಲಿಂದ ಬಂಗುಡೆ ಬಂದಿದೆ ಎಂಬ ದನಿ ಕೇಳಿತು. ಆ ನೆತ್ತಿಯಲ್ಲಿ ಮನೆಯಿಲ್ಲ, ಮಠವಿಲ್ಲ, ಬರೀ ಪೈನ್ ಮರ. ಯಾರನ್ನು ಕರೆಯುತ್ತಿದ್ದಾನೆ ಇವನು ಎಂದು ನಕ್ಕರು. ದನಿ ನಿಲ್ಲಲೇ ಇಲ್ಲ. ಹೊತ್ತು ಇಳಿಯುವಾಗ ಅವರಿಗೆ ಭಯವಾಗಿ ಹತ್ತಿ ನೋಡಿದರೆ, ಗಾಡಿ ರಸ್ತೆಯ ಅಂಚಿಗೆ ನೀಟಾಗಿ ನಿಂತಿತ್ತು. ಹ್ಯಾಂಡ್‌ಬ್ರೇಕ್ ಎಳೆದಿತ್ತು. ಪಾನ್ಸು ಸ್ಟೀರಿಂಗಿಗೆ ಹಣೆಯಿಟ್ಟು ಕೂತಿದ್ದ. ಎದೆ ನಿಂತು ಬಹಳ ಹೊತ್ತಾಗಿತ್ತು. ತಲೆಯ ಮೇಲೆ ಅವನ ದನಿ ಮಾತ್ರ ಮರಗಳನ್ನು ಬನ್ನಿ ಬನ್ನಿ ಎಂದು ಕರೆಯುತ್ತಲೇ ಇತ್ತು.

ತಾಯಿಗೆ ಹೇಳಲಿಲ್ಲ. ಹಾಗೆ ಹೇಳದೆ ಇರುವುದು ಅಲ್ಲಿ ಹೊಸದೇನಲ್ಲ. ದೊಲ್ಸಾನ್ ಅಜ್ಜಿಗೆ ಕಣ್ಣು ಮಂಜಾಗಿತ್ತು, ಮೊಣಕಾಲು ಹಿಡಿದಿತ್ತು. ಆನ್‌ಗೋಲ್‌ನ ಮೇಲುಗಡೆಯ ಮನೆಯಲ್ಲಿ ಮಗಳು ಮಲ್ಸೂನ್ ಜೊತೆ ಇದ್ದಳು. ಮಲ್ಸೂನ್ ಪಾನ್ಸುವಿನ ಅಕ್ಕ. ಈ ಸುದ್ದಿ ಕೇಳಿದರೆ ಅಮ್ಮ ಅವತ್ತೇ ಹೋಗುತ್ತಾಳೆ ಎಂದು ಅವಳೇ ತೀರ್ಮಾನ ಮಾಡಿದವಳು. ಊರಿಗೆ ಊರೇ ಬಾಯಿ ಕಟ್ಟಿಕೊಂಡಿತು. ಮಣ್ಣು ಮಾಡಿ ಬಂದ ಮೇಲೆ ಒಕ್‌ಸಿಮ್ ಗಾಡಿಯ ಕೀಲಿ ಕೈಗೆ ತೆಗೆದುಕೊಂಡಳು. ಗಂಡ ಕುಡಿದ ದಿನಗಳಲ್ಲಿ ಅವಳೇ ಓಡಿಸುತ್ತಿದ್ದಳು, ಆದ್ದರಿಂದ ಓಡಿಸುವುದು ಕಷ್ಟವಾಗಲಿಲ್ಲ. ಕ್ಯಾಸೆಟ್ ಬದಲಿಸುವ ಯೋಚನೆ ಬಂದಾಗ ಮಲ್ಸೂನ್ ಕೈಮುಗಿದಳು.

“ಅವನ ದನೀನೇ ಇರ್ಲಿ ಕಣೇ. ಗಾಡಿ ಕೆಳಗಡೆ ರೋಡಲ್ಲಿ ಹೋಗ್ತಿದ್ರೆ ಅಮ್ಮಂಗೆ ಅಷ್ಟೇ ಸಾಕು. ಮಗ ಬಂದ, ಪಾಪ ಅರ್ಜೆಂಟಲ್ಲಿದಾನೆ, ಹೋದ. ಅಷ್ಟು ಸಾಕು ಅವಳಿಗೆ.”

ಹಾಗೆ ಒಂದು ವರ್ಷ ನಡೆಯಿತು. ಹೊಸವರ್ಷದ ಹಬ್ಬಕ್ಕೆ ಪಾನ್ಸುವಿಗೆ ಜ್ವರ ಎಂದರು, ಸುಗ್ಗಿಯ ಹಬ್ಬಕ್ಕೆ ಸೊಂಟ ಉಳುಕು ಎಂದರು. ಗಾಡಿ ಬರುವ ದಿನ ಅಜ್ಜಿ ಕಾಗದ ಅಂಟಿಸಿದ ಬಾಗಿಲ ಪಕ್ಕ ಕೂತು ಅದರ ಕಿಂಡಿಗೆ ಕಿವಿ ಕೊಟ್ಟು ದನಿ ಕೇಳಿಸಿಕೊಳ್ಳುವಳಂತೆ. ಕೇಳಿದ ಮೇಲೆ, “ಹೋಗಿ ಬಾ ಮಗಾ,” ಎನ್ನುವಳಂತೆ. ಆ ಮೇಲೆಯೇ ಊಟ.

ಕೆಳಗೆ ಸಮುದಾಯ ಭವನದ ಮುಂದೆ ಬೋಗುಣಿ ಹಿಡಿದು ಬರುವ ಮುದುಕಿಯರಿಗೆ ಮೊದಮೊದಲು ಗಾಡಿಯ ಹತ್ತಿರ ಬರುವುದೇ ಕಷ್ಟವಾಗಿತ್ತು. ದನಿ ಕೇಳಿ ಎದ್ದು ಬರುವರು, ಸ್ಟೀರಿಂಗಿನ ಹಿಂದೆ ಹೆಂಗಸನ್ನು ಕಂಡು ನಿಂತಲ್ಲೇ ನಿಲ್ಲುವರು. ಆಮೇಲೆ ಅದೂ ರೂಢಿಯಾಯಿತು. ಹಾದೊಂಗ್ ಅಜ್ಜಿ ಎಂಬ ಬಾಯಾಳಿ ಮುದುಕಿಯೊಬ್ಬಳು, ಬಂಗುಡೆಯ ಕಿವಿರು ಎತ್ತಿ ನೋಡುತ್ತಾ, “ಸತ್ತವನ ದನಿ ಇನ್ನೂ ತಾಜಾ ಇದೆ, ಮೀನೇ ಹಳಸಿದೆ ಕಣೇ,” ಎಂದಾಗ ಎಲ್ಲರೂ ನಕ್ಕರು. ಒಕ್‌ಸಿಮ್ ಕೂಡ ನಕ್ಕಳು. ಒಂದು ವಿಷಯವನ್ನು ಮಾತ್ರ ಅವಳು ಯಾರಿಗೂ ಹೇಳಲಿಲ್ಲ. ಸೊಲ್ಜೆ ನೆತ್ತಿಯಲ್ಲಿ, ಅವನು ನಿಂತಿದ್ದ ಆ ಜಾಗ ದಾಟುವಾಗ, ಗಾಡಿ ಒಂದು ಉಸಿರಿನಷ್ಟು ಹೊತ್ತು ಭಾರವಾಗುತ್ತಿತ್ತು. ಹಿಂಬದಿಗೆ ಯಾರೋ ಹತ್ತಿದ ಹಾಗೆ ಸ್ಪ್ರಿಂಗುಗಳು ಕುಗ್ಗುತ್ತಿದ್ದವು. ಆನ್‌ಗೋಲ್ ಮುಟ್ಟಿ ಗಾಡಿ ನಿಂತ ಕೂಡಲೇ ಹಗುರವಾಗುತ್ತಿತ್ತು. ಇಳಿದು ಹಿಂದೆ ನೋಡಿದರೆ ಪೆಟ್ಟಿಗೆಗಳು ಇಟ್ಟಂತೆಯೇ ಇರುತ್ತಿದ್ದವು.

ಎರಡನೆಯ ಚಳಿಗಾಲದ ಮೊದಲಲ್ಲಿ ಗಾಡಿ ತಪಾಸಣೆಗೆ ಹೋಯಿತು. ಪಾಸಾಗಲಿಲ್ಲ. ಗಾಡಿಯದೇನೂ ತಪ್ಪಿರಲಿಲ್ಲ. ವರ್ಷಗಟ್ಟಲೆ ಉಪ್ಪುನೀರು ಸೋರಿ ಸೋರಿ ಕೆಳಗಿನ ಕಬ್ಬಿಣವನ್ನು ತಿಂದುಹಾಕಿತ್ತು. ಬಂದರಿನ ಹಿಂದುಗಡೆ ಶೆಡ್ಡು ಇಟ್ಟಿದ್ದ ಥಾಕ್ ಮೇಸ್ತ್ರಿ, ಪಾನ್ಸುವಿನ ಬಾಲ್ಯದ ಗೆಳೆಯ, ಸುತ್ತಿಗೆಯಿಂದ ಅಡಿಭಾಗಕ್ಕೆ ತಟ್ಟಿದ. ತುಕ್ಕು ಹುಡಿಹುಡಿಯಾಗಿ ಉದುರಿತು.

“ಅತ್ತಿಗೆ, ಎಂಜಿನ್ನಿಗೇನಾಗಿಲ್ಲ, ಇನ್ನೂ ಮೊಮ್ಮಕ್ಕಳ ಕಾಲಕ್ಕೂ ಓಡತ್ತೆ. ಆದ್ರೆ ಕೂರಿಸೋಕೆ ಮೈಯೇ ಇಲ್ವಲ್ಲ,” ಎಂದ. ಹೊರದೇಶಕ್ಕೆ ಹಳೆ ಬೊಂಗೊಗಳನ್ನು ಹಡಗಿಗೆ ಹಾಕುವವರಿದ್ದಾರೆ, ಬಿಚ್ಚಿ ಎಂಜಿನ್ ತೆಗೆದುಕೊಳ್ಳುತ್ತಾರೆ, ಮಾತಾಡುತ್ತೇನೆ ಎಂದ. ತಿಂಗಳೊಪ್ಪತ್ತು ಓಡಿಸಲು ಆಗುವ ಹಾಗೆ ಸರಿಮಾಡಿ ಕೊಡುತ್ತೇನೆಂದು ಸೀಟು ಎತ್ತಿ, ಬ್ಯಾಟರಿ ತೆಗೆದು ಬೆಂಚಿನ ಮೇಲಿಟ್ಟ.

ಆದ್ದರಿಂದ ಆ ಸಲದ ಸಂತೆಯ ಮರುದಿನ ಗಾಡಿ ಎಲ್ಲೂ ಹೋಗಲಿಲ್ಲ. ಬೆಳಿಗ್ಗೆ ಸಮುದ್ರದ ಕಡೆಯಿಂದ ಮಂಜು ಎದ್ದು ಸೇತುವೆ, ಬಂದರು, ಗುಡ್ಡ ಎಲ್ಲ ಮುಚ್ಚಿತ್ತು. ಒಕ್‌ಸಿಮ್ ಶೆಡ್ಡಿನ ಒಲೆಯ ಪಕ್ಕ ಕೂತು ಮೇಸ್ತ್ರಿಗೆ ತಂದಿದ್ದ ಗಂಜಿಯ ಪಾತ್ರೆ ಬಿಚ್ಚುತ್ತಿದ್ದಳು. ಫೋನು ಬಂತು. ಮಲ್ಸೂನ್.

“ಏನೇ ನೀನು? ನಿಲ್ಲಿಸ್ದೇನೇ ಹೋಗ್ಬಿಟ್ಯಲ್ಲ? ನಾವೆಲ್ಲ ಬೋಗುಣಿ ಹಿಡ್ಕೊಂಡು ಮಂಜಲ್ಲಿ ನಿಂತೇ ನಿಂತ್ವಿ.”

“ನಾನೆಲ್ಲಿಗೆ ಹೋದೆ ಅಕ್ಕಾ?”

“ಇಲ್ಲೇ ಕಣೇ, ಭವನದ ಮುಂದೇನೇ. ದನಿ ಹತ್ರ ಬಂತು, ಬಂತು, ಹಂಗೇ ಮೇಲ್ಗಡೆಗೆ ಹೋಯ್ತು. ಮೇಲ್ಗಡೆ ಯಾಕೆ ಹೋದೆ? ಅಲ್ಲಿ ಗಾಡಿ ಹೋಗೋ ದಾರೀನೇ ಇಲ್ಲ.”

ಒಕ್‌ಸಿಮ್ ಗಾಡಿಯ ಕಡೆ ನೋಡಿದಳು. ಸೀಟು ಮೇಲೆತ್ತಿತ್ತು. ಬ್ಯಾಟರಿ ಬೆಂಚಿನ ಮೇಲಿತ್ತು. ಧ್ವನಿವರ್ಧಕದ ತಂತಿ ಬಿಚ್ಚಿ ಜೋತಾಡುತ್ತಿತ್ತು.

“ಅಕ್ಕಾ, ಗಾಡಿ ಇಲ್ಲಿದೆ. ಮೇಸ್ತ್ರಿ ಶೆಡ್ಡಲ್ಲಿ,” ಎಂದಳು.

ಆಕಡೆ ಯಾರೋ ಹಿಂದಿನಿಂದ ಏನಂತೆ ಏನಂತೆ ಎಂದು ಕೇಳುವುದು ಸಣ್ಣಗೆ ಕೇಳಿಸಿತು. ಆಮೇಲೆ ಮಲ್ಸೂನ್ ದನಿ ತಗ್ಗಿಸಿ ಹೇಳಿದಳು. ಮನೆಗೆ ಓಡಿ ಬಂದು ನೋಡಿದರೆ ಅಮ್ಮ ಬಾಗಿಲು ಸರಿಸಿಕೊಂಡು ಚಳಿಯಲ್ಲಿ ಕೂತಿದ್ದಳಂತೆ. ಪಾನ್ಸು ಅಂಗಳದವರೆಗೆ ಬಂದಿದ್ದ, ಮೆಟ್ಟಿಲು ಹತ್ತಲಿಲ್ಲ, ಒಳಗೆ ಬಾ ಎಂದರೆ ಸುಮ್ಮನೆ ನಿಂತಿದ್ದ ಎಂದಳಂತೆ. ಅಂಗಳದ ಕಲ್ಲು ಒದ್ದೆಯಾಗಿತ್ತು. ಮಂಜಿಗೆ ಒದ್ದೆಯಾಗಿರಬಹುದು. ಆದರೆ ಉಪ್ಪಿನ ವಾಸನೆ ಇತ್ತು ಎಂದಳು ಮಲ್ಸೂನ್.

ಮೇಸ್ತ್ರಿ ಎಲ್ಲ ಕೇಳಿಸಿಕೊಂಡ. ಅವನು ಒರಟ, ಯಾವುದಕ್ಕೂ ಹೆದರುವವನಲ್ಲ. ಕೈ ಒರೆಸಿಕೊಂಡು, ಮಂಜಿನಲ್ಲಿ ದನಿಗಳು ಎಲ್ಲೆಲ್ಲಿಂದಲೋ ಬರುತ್ತವೆ, ಬೇರೆ ಯಾವನೋ ಮೀನಿನವನಿರಬೇಕು ಎಂದ. ಆದರೂ ಅವತ್ತು ಗಾಡಿಗೆ ಬೆನ್ನು ಹಾಕಿ ಅವನು ಗಂಜಿ ಕುಡಿಯಲಿಲ್ಲ, ಅದರ ಎದುರಿಗೇ ಕೂತು ಕುಡಿದ.

ಒಕ್‌ಸಿಮ್‌ಗೆ ಈಗ ಇದ್ದದ್ದು ಒಂದೇ ಚಿಂತೆ. ಗಾಡಿ ಹೋಗಲೇಬೇಕು. ಹೊಸ ಬೊಂಗೊ ಬರುತ್ತದೆ, ಆದರೆ ಅದರಲ್ಲಿ ಕ್ಯಾಸೆಟ್ ಹಾಕುವ ಬಾಯೇ ಇರುವುದಿಲ್ಲ. ದನಿ ನಿಂತ ದಿನ ಅತ್ತೆಗೆ ತಿಳಿಯುತ್ತದೆ. ತಿಳಿದ ದಿನ ಅತ್ತೆ ಉಳಿಯುವುದಿಲ್ಲ. ಗಂಡನನ್ನಂತೂ ಉಳಿಸಿಕೊಳ್ಳಲಾಗಲಿಲ್ಲ, ಅವನ ತಾಯಿಯನ್ನಾದರೂ ಉಳಿಸಿಕೊಳ್ಳಬೇಕು. ದನಿಯನ್ನು ಹೊಸ ಯಂತ್ರಕ್ಕೆ ಇಳಿಸಿಕೊಡಿ ಎಂದು ಅವಳು ಮೇಸ್ತ್ರಿಯನ್ನು ಕೇಳಿದಳು. ಅದೆಷ್ಟರ ಕೆಲಸ ಎಂದ ಅವನು. ಬ್ಯಾಟರಿ ಕೂರಿಸಿ ತಂತಿ ಜೋಡಿಸಿ, ಹಳೆ ಟೇಪನ್ನು ಒಂದು ಕಡೆ ಓಡಿಸಿ, ಇನ್ನೊಂದು ಕಡೆ ಬೆರಳುದ್ದದ ಪೆನ್‌ಡ್ರೈವ್ ಕಡ್ಡಿಗೆ ಇಳಿಸಿಕೊಂಡ. ಇಳಿಯುವಾಗ ಶೆಡ್ಡಿನ ತುಂಬ ಪಾನ್ಸು ಕೂಗುತ್ತಿದ್ದ. ಮುಗಿದ ಮೇಲೆ ಕಡ್ಡಿ ಹಾಕಿ ಕೇಳಿದರೆ ಬರೀ ಗಾಳಿಯ ಸದ್ದು. ಪೈನ್ ಮರಗಳ ನಡುವೆ ಬೀಸುವ ಗಾಳಿಯಂಥದ್ದು. ಇನ್ನೊಂದು ಸಲ ಇಳಿಸಿದ. ಅದೇ ಗಾಳಿ. ಮೇಸ್ತ್ರಿಗೆ ಹಟ ಬಂದು ಶೆಡ್ಡಿನ ಬಾಗಿಲು ಮುಚ್ಚಿ, ತನ್ನ ಫೋನನ್ನೇ ಧ್ವನಿವರ್ಧಕದ ಬಾಯಿಗೆ ಹಿಡಿದು ತುಂಬಿಕೊಂಡ. ಅದರಲ್ಲಿ ಮೇಸ್ತ್ರಿಯ ಕೆಮ್ಮು ಬಂದಿತ್ತು, ಒಕ್‌ಸಿಮ್ ಪಾತ್ರೆ ಸರಿಸಿದ್ದು ಬಂದಿತ್ತು. ಪಾನ್ಸು ಬಂದಿರಲಿಲ್ಲ.

ಮೇಸ್ತ್ರಿ ಫೋನನ್ನು ಜೇಬಿಗೆ ಹಾಕಿಕೊಂಡ.

“ಇವನಿಗೆ ಈ ಗಾಡಿ ಬಿಟ್ಟು ಬರೋಕೆ ಮನಸ್ಸಿಲ್ಲ ಅತ್ತಿಗೆ,” ಎಂದ. ಆಮೇಲೆ, ಆ ಮಾತನ್ನು ಯಾಕಾದರೂ ಆಡಿದೆನೋ ಎಂಬಂತೆ, ಸುಮ್ಮಸುಮ್ಮನೆ ಸ್ಪ್ಯಾನರುಗಳನ್ನು ಜೋಡಿಸತೊಡಗಿದ.

ಮನೆಗೆ ಬಂದು ಒಕ್‌ಸಿಮ್ ಮೊಣಕಾಲೂರಿ ಪ್ರಾರ್ಥನೆಗೆ ಕೂತಳು. ಪೂಜೆಯ ದಿನ ತಾನು ಕಣ್ಣು ಮುಚ್ಚಿ ಬೇಡಿದ್ದು ನೆನಪಾಯಿತು: ಹೋದ ಕಡೆಯಿಂದ ಮನೆಗೆ ತರಲಪ್ಪಾ. ಅತ್ತೆ ಗಂಟು ಹಾಕುತ್ತಾ ಬೇಡಿದ್ದೂ ಅದನ್ನೇ. ಹೊಸ್ತಿಲಲ್ಲಿ ದಿನಾ ಅವನು ಬರ್ತೀನಿ ಎಂದ, ಇವಳು ಬನ್ನಿ ಎಂದಳು. ಅವನು ಹೋದ ಮೇಲೂ ಅವನದೇ ದನಿಯಲ್ಲಿ ಊರೂರು ಸುತ್ತಿ ಬನ್ನಿ ಬನ್ನಿ ಎಂದು ಕೂಗಿಸುತ್ತಿದ್ದಾಳೆ. ಅವನಿಗೆ ಬಾ ಎನ್ನದವರು ಯಾರಿದ್ದಾರೆ? ಮಣ್ಣು ಮಾಡುವಾಗಲೂ, ಹೆತ್ತವಳಿಗೇ ಗೊತ್ತಿಲ್ಲದ್ದರಿಂದ, ಹೆತ್ತವಳ ಬಾಯಿಂದ ಬರಬೇಕಾದ ಬೀಳ್ಕೊಡುಗೆಯ ಮಾತು ಬರಲಿಲ್ಲ. ಅವಳು ಎದ್ದು ದೀಪ ಹಾಕಿದಳು.

ಮಲ್ಸೂನ್‌ಗೆ ಫೋನು ಮಾಡಿ, ಅತ್ತೆಗೆ ಹೇಳಿಬಿಡುತ್ತೇನೆ ಎಂದಳು. ಮಲ್ಸೂನ್ ಸಿಟ್ಟಾದಳು, ಅತ್ತಳು. ಕೊನೆಗೆ, ಅಮ್ಮನಿಗೆ ಏನಾದರೂ ಆದರೆ ಈ ಮನೆ ಮೆಟ್ಟಿಲು ಹತ್ತಬೇಡ ಎಂದು ಫೋನಿಟ್ಟಳು.

ಗಾಡಿ ಕೊಳ್ಳುವವರು ಬರುವ ಹಿಂದಿನ ದಿನ ಒಕ್‌ಸಿಮ್ ಕೊನೆಯ ಸಲ ಸೊಲ್ಜೆ ಹತ್ತಿದಳು. ಅವತ್ತೂ ಮಂಜು. ಕ್ಯಾಸೆಟ್ ಹಾಕಿರಲಿಲ್ಲ, ಅದು ಅವಳ ಕೋಟಿನ ಜೇಬಿನಲ್ಲಿತ್ತು. ಅತ್ತೆಗೆ ಹೇಗೆ ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಕೂಡಿಸುತ್ತಿದ್ದಳು. ನೆತ್ತಿಯಲ್ಲಿ ಆ ಜಾಗ ಬಂತು. ಸ್ಪ್ರಿಂಗುಗಳು ಕುಗ್ಗಿದವು. ಅವಳು ಕನ್ನಡಿಯಲ್ಲಿ ನೋಡಲಿಲ್ಲ. ಇಳಿಜಾರಿನಲ್ಲಿ ತಲೆಯ ಮೇಲೆ ಧ್ವನಿವರ್ಧಕ ಕರಕರ ಎಂದಿತು.

“ಬಂಗುಡೆ ಬಂದಿದೆ...”

ಅವಳ ಕೈ ತಾನಾಗಿ ಜೇಬು ಮುಟ್ಟಿ ನೋಡಿಕೊಂಡಿತು. ಕ್ಯಾಸೆಟ್ ಅಲ್ಲೇ ಇತ್ತು. ಅವಳು ಸ್ಟೀರಿಂಗ್ ಗಟ್ಟಿಯಾಗಿ ಹಿಡಿದು, ಗೊತ್ತಿದ್ದ ಪ್ರಾರ್ಥನೆಯನ್ನು ಬಾಯಿಬಿಟ್ಟು ಹೇಳುತ್ತಾ, ಗಾಡಿಯನ್ನು ನಿಧಾನ ಇಳಿಸಿದಳು. ದನಿಯಲ್ಲಿ ಮೊದಲಿನ ಗೆಲುವು ಇರಲಿಲ್ಲ. ದಣಿದವನ ದನಿ. ಸಿಗಡಿಯನ್ನು ಬಿಟ್ಟ, ಚಿಪ್ಪನ್ನು ಬಿಟ್ಟ. ಬಂದಿದೆ, ಬಂದಿದೆ ಎಂದಷ್ಟೇ ಹೇಳುತ್ತಾ ಬಂದ.

ಆನ್‌ಗೋಲ್‌ನ ಭವನದ ಮುಂದೆ ಹೆಂಗಸರಿರಲಿಲ್ಲ. ರಸ್ತೆಯಂಚಿನ ಕಲ್ಲಿನ ಮೇಲೆ ಒಬ್ಬಳೇ ಕೂತಿದ್ದಳು. ದೊಲ್ಸಾನ್ ಅಜ್ಜಿ. ಮೇಲಿನ ಮನೆಯಿಂದ ಒಬ್ಬಳೇ ಇಳಿದು ಬಂದಿದ್ದಳು. ಕಾಲಲ್ಲಿ ಮಗಳ ಚಪ್ಪಲಿ, ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಹಿಂದಿನಿಂದ ಮಲ್ಸೂನ್ ಉಸಿರು ಕಟ್ಟಿಕೊಂಡು ಓಡಿ ಬರುತ್ತಿದ್ದಳು. ಅತ್ತೆ ಮಗಳಿಗೆ ಅಲ್ಲೇ ನಿಲ್ಲು ಎಂದು ಕೈ ಮಾಡಿದಳು.

ಒಕ್‌ಸಿಮ್ ಇಳಿದು ಅವಳ ಮುಂದೆ ಮೊಣಕಾಲೂರಿದಳು. ಕೂಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋಯಿತು.

“ಅತ್ತೆ...”

“ಗೊತ್ತು ಬಿಡೇ,” ಎಂದಳು ಮುದುಕಿ. “ಬದುಕಿರೋ ಮಗ ಆಗಿದ್ರೆ ಒಂದ್ಸಲಾನಾದ್ರೂ ಮೇಲೆ ಬಂದು, ಅಮ್ಮಾ ಹಸಿವು ಅಂತಿದ್ದ. ಒಂದು ವರ್ಷ ನನ್ನ ಕೈ ಅನ್ನ ಕೇಳ್ದೆ ಇರೋನಾ ಅವ್ನು?”

ಮಲ್ಸೂನ್ ದೂರದಲ್ಲೇ ಬಾಯಿಗೆ ಕೈ ಒತ್ತಿ ಕೂತುಬಿಟ್ಟಳು. ಮುದುಕಿ ಅವಳ ಕಡೆ ತಿರುಗಲಿಲ್ಲ. ನೀವು ನನಗೋಸ್ಕರ ಸುಮ್ಮನಿದ್ದಿರಿ, ನಾನು ನಿಮಗೋಸ್ಕರ ಸುಮ್ಮನಿದ್ದೆ ಎಂದಳು. ಆಮೇಲೆ ದನಿ ಇಳಿಸಿದಳು. ಆದರೆ ಮೊನ್ನೆ ಮಂಜಿನಲ್ಲಿ ಅಂಗಳಕ್ಕೆ ಬಂದು ನಿಂತನಲ್ಲ, ಅವತ್ತು ಅವನ ಮುಖ ನೋಡಿದೆ. ಮಂಜುಗಣ್ಣಿಗೆ ಬೇರೆ ಏನೂ ಕಾಣುವುದಿಲ್ಲ, ಅದೊಂದು ಕಂಡಿತು. ಎಷ್ಟು ಸುಸ್ತಾಗಿದ್ದ.

“ಅದನ್ನ ತಗೊಂಡು ಬಾ. ನಾನು ಕಟ್ಟಿದ್ದು.”

ಒಕ್‌ಸಿಮ್ ಸೀಟಿನ ಬೆನ್ನ ಹಿಂದೆ ಕೈ ಹಾಕಿದಳು. ಅಷ್ಟು ವರ್ಷ ಎಂಜಿನ್ನಿನ ಕಾವಿನಲ್ಲಿ ಇದ್ದ ಒಣಮೀನು ಕಟ್ಟಿಗೆಯ ಹಾಗೆ ಇರಬೇಕಿತ್ತು. ಅದು ತಣ್ಣಗಿತ್ತು, ಒದ್ದೆಯಾಗಿತ್ತು, ಈಗಷ್ಟೇ ನೀರಿನಿಂದ ತೆಗೆದ ಹಾಗೆ ಭಾರವಿತ್ತು. ದಾರದಿಂದ ಉಪ್ಪುನೀರು ತೊಟ್ಟಿಕ್ಕುತ್ತಿತ್ತು. ಅವಳು ಅದನ್ನು ಬೀಳಿಸದೆ ಎರಡೂ ಕೈಯಲ್ಲಿ ತಂದು ಅತ್ತೆಯ ಮಡಿಲಲ್ಲಿಟ್ಟಳು.

ಮುದುಕಿ ಬಿಚ್ಚತೊಡಗಿದಳು. ಕಣ್ಣು ಕಾಣದಿದ್ದರೂ ಅವಳ ಬೆರಳಿಗೆ ತಾನು ಹಾಕಿದ ಗಂಟು ಗೊತ್ತಿತ್ತು. ನೆಂದ ರೇಷ್ಮೆಯ ಗಂಟು ಸುಲಭವಾಗಿ ಬಿಡುವುದಿಲ್ಲ. ಉಗುರು ಹಾಕಿದಳು, ಹಲ್ಲಿಲ್ಲದ ಒಸಡು ಹಾಕಿದಳು. ಕತ್ತರಿ ತರಲೇ ಎಂದು ಒಕ್‌ಸಿಮ್ ಕೇಳಿದ್ದಕ್ಕೆ, ಕತ್ತರಿಸಿದರೆ ನೋಯುತ್ತದೆ ಎಂದಳು. ಭವನದ ಕಿಟಕಿಯಲ್ಲಿ ಒಂದೊಂದೇ ಮುಖ ಬಂದು ನಿಂತವು. ಹಾದೊಂಗ್ ಅಜ್ಜಿಯದೂ ಅದರಲ್ಲಿತ್ತು. ಒಂದೊಂದು ಗಂಟು ಬಿಟ್ಟಾಗಲೂ ಗಾಡಿಯ ಮೇಲಿನ ದನಿ ಒಂದಿಷ್ಟು ತಗ್ಗುತ್ತಾ ಬಂತು. ಕೊನೆಗೆ ಬಂದಿದೆ ಎನ್ನುವುದೂ ಹೋಗಿ ಬರೀ ಉಸಿರು ಕೇಳುತ್ತಿತ್ತು.

ಕೊನೆಯ ಗಂಟು ಬಿಚ್ಚಿ, ದಾರವನ್ನು ಬೆರಳಿಗೆ ಸುತ್ತಿಕೊಂಡು, ಮುದುಕಿ ಗೋಡೆ ಹಿಡಿದವಳ ಹಾಗೆ ಗಾಳಿ ಹಿಡಿದು ಎದ್ದಳು. ಗಾಡಿಯ ಬಾಗಿಲಿಗೆ ಅಂಗೈ ಇಟ್ಟಳು.

ಆ ನಾಡಿನಲ್ಲಿ ಮನೆಯಿಂದ ಹೊರಡುವವರಿಗೆ ಯಾರೂ ಬರೀ ‘ಹೋಗು’ ಎನ್ನುವುದಿಲ್ಲ. ಶಾಲೆಗೆ ಹೊರಟ ಮಗುವಿಗೂ ಹೋಗಿ ಬಾ ಎಂದೇ ಹೇಳುವುದು. ದೊಲ್ಸಾನ್ ಅಜ್ಜಿ ಮಗನಿಗೆ ಅವನು ನಡೆಯಲು ಕಲಿತಂದಿನಿಂದ ಬೇರೆ ಮಾತು ಹೇಳಿದವಳಲ್ಲ. ಅವಳ ತುಟಿ ಎರಡು ಸಲ ಅಲುಗಿ ನಿಂತಿತು.

“ಹೋಗು ಮಗಾ,” ಎಂದಳು ಕೊನೆಗೆ. “ಬರಬೇಡ. ಹೋಗು.”

ತಿರುಗಿ ಸೊಸೆಯ ಕಡೆ ಮುಖ ಮಾಡಿ ಕಾದಳು. ಒಕ್‌ಸಿಮ್‌ಗೆ ಅರ್ಥವಾಯಿತು. ಅಡುಗೆಮನೆಯಿಂದ ತಿರುಗಿ ನೋಡದೆ ಹೇಳಿದ ಮಾತನ್ನು ಈಗ ಎದುರಿಗೆ ನಿಂತು ಹಿಂತೆಗೆದುಕೊಳ್ಳಬೇಕಿತ್ತು. ಅವಳು ಗಾಡಿಯನ್ನು ನೋಡುತ್ತಾ ನಿಂತಳು.

“ಹೋಗಿ,” ಎಂದಳು. ಅಷ್ಟೇ ಆಯಿತು ಅವಳಿಂದ.

ಧ್ವನಿವರ್ಧಕದಲ್ಲಿ ಉಸಿರು ನಿಂತಿತು. ಸ್ಪ್ರಿಂಗುಗಳು ಮೇಲೆದ್ದವು. ಇಳಿದವರು ಯಾರೂ ಕಾಣಲಿಲ್ಲ, ಮಂಜು ಮಾತ್ರ ಸೊಲ್ಜೆಯ ಕಡೆಗೆ ಒಬ್ಬ ಮನುಷ್ಯನಗಲದ ದಾರಿ ಬಿಟ್ಟು, ಮತ್ತೆ ಮುಚ್ಚಿಕೊಂಡಿತು. ಅದನ್ನು ಕಿಟಕಿಯಲ್ಲಿದ್ದವರೆಲ್ಲ ನೋಡಿದ್ದೇವೆ ಎನ್ನುತ್ತಾರೆ. ಮಡಿಲಿನಿಂದ ಉರುಳಿದ್ದ ಮೀನನ್ನು ಒಕ್‌ಸಿಮ್ ಎತ್ತಿಕೊಂಡಾಗ ಅದು ಒಣಗಿ, ಒಂದು ತರಗೆಲೆಯಷ್ಟು ಹಗುರವಾಗಿತ್ತು.

ಮುದುಕಿ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡಳು.

“ಬಾರೇ, ಅನ್ನ ಆರೋಗತ್ತೆ,” ಎಂದಳು ಸೊಸೆಗೆ. “ನೀನಾದ್ರೂ ತಿನ್ನು.”

ಮಲ್ಸೂನ್ ಹೆದರಿದ್ದಂತೆ ಅವಳು ಅವತ್ತೇ ಹೋಗಲಿಲ್ಲ. ಆ ಚಳಿಗಾಲ ಕಳೆದಳು, ಮುಂದಿನದನ್ನೂ ಕಳೆದಳು. ಆ ದಾರದಲ್ಲಿ ಸೊಸೆಗೆ ಒಂದು ಹತ್ತಿಯ ಹೊದಿಕೆ ಹೊಲಿದುಕೊಟ್ಟಳು, ಕಣ್ಣು ಕಾಣದ ಹೊಲಿಗೆ, ಸೊಟ್ಟಸೊಟ್ಟ. ಹಳೆ ಬೊಂಗೊ ಬಂದರಿನಿಂದ ಬಂದರಿಗೆ ಹೋಗಿ ಎಲ್ಲಿಗೋ ಹಡಗು ಹತ್ತಿತು. ಹೊಸದು ಬಂತು, ಅದೇ ಕಂಪನಿಯದು, ಅದೇ ಹೆಸರು, ಬಣ್ಣ ಮಾತ್ರ ಬಿಳಿ. ಅದಕ್ಕೆ ಹಂದಿಯ ತಲೆ ಇಡಲಿಲ್ಲ. ಒಕ್‌ಸಿಮ್ ಸ್ಟೀರಿಂಗಿನ ಮೇಲೆ ಕೈಯಿಟ್ಟು ತನ್ನ ಪ್ರಾರ್ಥನೆ ಹೇಳಿಕೊಂಡಳು. ಈ ಸಲ ವಾಪಸ್ ತಾ ಎಂದು ಬೇಡಲಿಲ್ಲ, ಜೊತೆಗಿರು ಎಂದಷ್ಟೇ ಹೇಳಿದಳು.

ದನಿಯನ್ನು ಅವಳೇ ತುಂಬಬೇಕಾಯಿತು. ಒಂದು ಸಂಜೆ ಮನೆಯ ಅಡುಗೆಮನೆಯಲ್ಲಿ ಬಾಗಿಲು ಹಾಕಿಕೊಂಡು, ಮೇಸ್ತ್ರಿ ಕೊಟ್ಟ ಯಂತ್ರ ಹಿಡಿದು, ನಾಚಿಕೊಳ್ಳುತ್ತಾ ಕೂಗಿದಳು. ಬಂಗುಡೆ ಇದೆ, ಸಿಗಡಿ ಇದೆ, ಚಿಪ್ಪು ಇದೆ. ಬಂದಿದೆ ಎನ್ನಲು ಬಾಯಿ ಬರಲಿಲ್ಲ. ಆನ್‌ಗೋಲ್‌ನಲ್ಲಿ ಅದನ್ನು ಮೊದಲ ಸಲ ಕೇಳಿದ ಹಾದೊಂಗ್ ಅಜ್ಜಿ, “ಇದೇನೇ, ಹರಾಜಿಗೆ ಬಂದ ಮೇಕೆ ಥರ ಕೂಗ್ತೀಯ,” ಎಂದು ಬೋಗುಣಿ ಚಾಚಿದಳು.

ಆದರೆ ಅದು ಆಮೇಲಿನ ಮಾತು. ಆ ಸಂಜೆ ತುಂಬಿ ಮುಗಿಸಿ, ಹೇಗೆ ಬಂದಿದೆಯೋ ನೋಡೋಣ ಎಂದು ಅವಳು ಯಂತ್ರವನ್ನು ಕಿವಿಗೆ ಹಿಡಿದಳು. ತನ್ನದೇ ದನಿ ತೆಳ್ಳಗೆ ಕೇಳಿಸಿತು. ಕೊನೆಯ ಮಾತು ಮುಗಿದ ಮೇಲೆ ಸ್ವಲ್ಪ ಹೊತ್ತು ಮೌನ. ಆಮೇಲೆ, ಯಂತ್ರದಲ್ಲೇ, ಕೂಗಿದ ಅವಳ ಹಿಂದುಗಡೆಯಿಂದ, ಹೊಸ್ತಿಲಿನ ಕಡೆಯಿಂದ, ಮೆಟ್ಟಿಲ ಕಲ್ಲಿಗೆ ರಬ್ಬರ್ ಬೂಟಿನ ಹಿಮ್ಮಡಿ ತಟ್ಟಿದ ಸದ್ದು. ಎರಡು ಸಲ. ಯಾರೋ ‘ಹೋಗ್ಬರ್ತೀನಿ’ ಎನ್ನದೆ ಬಾಗಿಲು ಸರಿಸಿದ್ದು, ಮೆತ್ತಗೆ ಮುಚ್ಚಿದ್ದು.

ಒಕ್‌ಸಿಮ್ ತಿರುಗಿ ನೋಡಿದಳು. ಬಾಗಿಲು ಹಾಕಿದ್ದ ಹಾಗೇ ಇತ್ತು.